ಅಮಲು ಇಳಿದ ಮೇಲೂ ಇಳಿಯದ್ದು

2017ರ ಜುಲೈ ತಿಂಗಳಲ್ಲಿ ಹೈದರಾಬಾದಿನಲ್ಲಿ ಬಯಲಾದ ಮಾದಕ ವಸ್ತುಗಳ ಪ್ರಕರಣವನ್ನು ನಮ್ಮ ಓದುಗರು ಮರೆತಿರಲಾರರು. ತೆಲಂಗಾಣದ ಅಬಕಾರಿ ಇಲಾಖೆಯವರು ಕೆಲವರನ್ನು ಹಿಡಿದರು. ಅವರ ಬಳಿ ಎಲ್.ಎಸ್.ಡಿ. ಎಂಬ ದ್ರವ್ಯ ಹೀರಿಸಿದ ನೂರಾರು ಕಾಗದದ ಚೂರುಗಳು ಸಿಕ್ಕವು. ಕೊಳ್ಳುವವರಲ್ಲಿ ಶಾಲೆ-ಕಾಲೇಜಿನ ಮಕ್ಕಳೂ ಇದ್ದಾರೆಂದು ಇಲಾಖೆಯ ಹಿರಿಯ ಅಧಿಕಾರಿ ಅಕುನ್ ಸಭರ್ವಾಲ್ ಅವರು ಬಹಿರಂಗವಾಗಿಯೇ ಹೇಳಿದರು. ಶಾಲೆಗಳ ಮುಖ್ಯಸ್ಥರಿಗೆ ಎಚ್ಚರಿಕೆಯ ಪತ್ರಗಳು ಹೋದವು. ಊರೆಲ್ಲ ಬೆಚ್ಚಿತು. ಅಷ್ಟರಲ್ಲಿ ತೆಲುಗು ಚಿತ್ರರಂಗದ ಹತ್ತು ಹನ್ನೆರಡು ಮಂದಿಗೆ ವಿಚಾರಣೆಯ ನೋಟೀಸು ಹೋಯಿತು. ಅಲ್ಲಿಗೆ ಮಕ್ಕಳ ಮಾತು ಮುಗಿಯಿತು. ಯಾವ ನಟ ಎಷ್ಟು ಗಂಟೆ ಒಳಗಿದ್ದ, ಯಾವ ನಟಿ ಯಾವ ಕಾರಿನಲ್ಲಿ ಬಂದಿಳಿದಳು, ಯಾರ ಕೂದಲು ಯಾರ ಉಗುರು ಪರೀಕ್ಷೆಗೆ ಹೋಯಿತು, ಇದೇ ಬೆಳಗಿನಿಂದ ರಾತ್ರಿಯವರೆಗೆ ಟಿ.ವಿ.ಯಲ್ಲಿ. 2020ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಚಿತ್ರರಂಗದ ಹೆಸರು ಕೇಳಿಬಂದಾಗಲೂ ಇದೇ ಆಟ. 2021ರಲ್ಲಿ ಜಾರಿ ನಿರ್ದೇಶನಾಲಯ ಇಲ್ಲಿನ ಹಳೆಯ ಕಡತವನ್ನು ಮತ್ತೆ ಬಿಚ್ಚಿದಾಗಲೂ ಇದೇ ಆಟ.

ಆ ಕಾಗದದ ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡ ಮಕ್ಕಳು ಇಂದು ಇಪ್ಪತ್ತೈದರ ಆಚೀಚೆ ಇದ್ದಾರೆ. ಮೊಕದ್ದಮೆ ಏನಾಯಿತೆಂದು ಕೇಳುವವರು ಸಾವಿರ ಮಂದಿ. ಆ ಮಕ್ಕಳ ತಲೆಯೊಳಗೆ ಏನಾಯಿತೆಂದು ಕೇಳುವವರನ್ನು ನಾವು ಕಾಣೆವು. ಹೊಟ್ಟೆಪಾಡಿಗೆ ಈ ಊರಿಗೆ ಬಂದು, ಕಾಚಿಗುಡದ ವಠಾರಗಳಿಂದ ಮಿಯಾಪುರದ ಅಪಾರ್ಟ್‌ಮೆಂಟುಗಳವರೆಗೆ ಹರಡಿಕೊಂಡಿರುವ ನಮ್ಮ ಕನ್ನಡದ ಮನೆಗಳಲ್ಲಂತೂ ಆ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳುವುದೇ ಅಪಶಕುನ. ಅದಕ್ಕೇ ಈ ಲೇಖನ. ಸಂಘದ ಪತ್ರಿಕೆಯಲ್ಲಿ ಇಂಥ ಹೊಲಸು ಏಕೆ ಎಂದು ಮೂಗು ಮುರಿಯುವ ಹಿರಿಯರಿಗೆ ನಮಸ್ಕಾರ ಹೇಳಿಯೇ ಮುಂದುವರಿಯುತ್ತೇವೆ.

ಮೊದಲು ಈ ವಸ್ತುವಿನ ಜಾತಕ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಕಂಪನಿಯಲ್ಲಿ ಆಲ್ಬರ್ಟ್ ಹಾಫ್‌ಮನ್ ಎಂಬ ರಸಾಯನ ವಿಜ್ಞಾನಿ 1938ರಲ್ಲಿ ಇದನ್ನು ತಯಾರಿಸಿದ. ಇದು ಮನಸ್ಸನ್ನು ಹೇಗೆ ಅಲ್ಲಾಡಿಸುತ್ತದೆಂಬುದು ಅವನಿಗೆ ಗೊತ್ತಾದದ್ದು ಐದು ವರ್ಷ ಕಳೆದು, 1943ರ ಏಪ್ರಿಲ್‌ನಲ್ಲಿ, ತಾನೇ ಸೇವಿಸಿದಾಗ. ಗ್ರಾಮನ್ನು ಹತ್ತು ಸಾವಿರ ಪಾಲು ಮಾಡಿ ಅದರಲ್ಲಿ ಒಂದು ಪಾಲು ಕೊಟ್ಟರೆ ಒಬ್ಬ ಮನುಷ್ಯನಿಗೆ ಎಂಟು ಹತ್ತು ಗಂಟೆಗಳ ಕಾಲ ಲೋಕ ತಲೆಕೆಳಗಾಗುತ್ತದೆ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಜೋಳದ ಕಾಳಿನ ತೂಕದ ಎಲ್.ಎಸ್.ಡಿ. ಇನ್ನೂರಕ್ಕೂ ಹೆಚ್ಚು ಜನಕ್ಕೆ ಸಾಕು. ಬಣ್ಣ ಕಾಣದು, ವಾಸನೆ ಬಾರದು. ಅಂಚೆಚೀಟಿಗಿಂತ ಚಿಕ್ಕದಾದ ಚಿತ್ರದ ಕಾಗದ. ಪಠ್ಯಪುಸ್ತಕದ ಹಾಳೆಗಳ ನಡುವೆ ಇಟ್ಟರೆ ಪತ್ತೇದಾರನಿಗೂ ಸಿಗದು. ಗುಮಾನಿ ಬಂದ ತಂದೆ ಮಗನನ್ನು ಲ್ಯಾಬಿಗೆ ಕರೆದೊಯ್ದು ಮೂತ್ರ ಪರೀಕ್ಷೆ ಮಾಡಿಸಿ 'ಏನೂ ಇಲ್ಲ' ಎಂಬ ಚೀಟಿ ಹಿಡಿದು ಹಿಗ್ಗುತ್ತಾನೆ. ಸಾಮಾನ್ಯ ಮಾದಕ ಪರೀಕ್ಷೆಗಳ ಪಟ್ಟಿಯಲ್ಲಿ ಎಲ್.ಎಸ್.ಡಿ. ಇರುವುದೇ ಇಲ್ಲವೆಂಬುದು ಅವನಿಗೆ ತಿಳಿಯದು. ಕೆಲವು ಬಗೆಯ ಅಣಬೆಗಳಲ್ಲಿರುವ ಸಿಲೊಸೈಬಿನ್ ಎಂಬುದೂ ಇದೇ ಕುಲದ್ದು. ಇವುಗಳಿಗೆ ನಾವು ಭ್ರಾಮಕ ದ್ರವ್ಯಗಳೆಂದು ಕರೆಯೋಣ.

ನಮ್ಮ ಹುಡುಗರು ಓದಿದವರು, ವಾದ ಮಾಡಬಲ್ಲರು. ಅವರ ಮೊದಲ ವಾದ: 'ಇದು ಚಟ ಹಿಡಿಸುವುದಿಲ್ಲ, ಅಂಕಲ್. ನಿಮ್ಮ ಸಿಗರೇಟು, ನಿಮ್ಮ ಗುಟಕಾ, ನಿಮ್ಮ ಶನಿವಾರದ ವಿಸ್ಕಿ ಇದಕ್ಕಿಂತ ಕೇಡು.' ಈ ಮಾತನ್ನು ಸುಳ್ಳೆಂದು ತಳ್ಳಿಹಾಕಲು ನಾವು ತಯಾರಿಲ್ಲ. ಹೆರಾಯಿನ್‌ನ ಹಾಗೆ ಇದು ಮೈಗೆ ಅಂಟಿಕೊಂಡು, ಸಿಗದಿದ್ದರೆ ಮೈಕೈ ಹಿಂಡುವ ವಸ್ತುವಲ್ಲ. ವಿಸ್ಕಿಯ ವಿಷಯದಲ್ಲಿ ಹಿರಿಯರಿಗೆ ಕೊಟ್ಟ ಏಟೂ ಸರಿಯಾದ ಜಾಗಕ್ಕೇ ಬಿದ್ದಿದೆ. ಆದರೆ ಚಟವೊಂದೇ ಕೇಡೆಂದು ಯಾರು ಹೇಳಿದರು? ಮತ್ತೆ ಮತ್ತೆ ಬೇಕೆನಿಸದ ವಸ್ತು ಒಂದೇ ಸಲಕ್ಕೆ ತನ್ನ ಕೆಲಸ ಮಾಡಿಹೋಗಬಾರದೆಂದು ಎಲ್ಲಿದೆ? ಅಪ್ಪ ಅಮ್ಮಂದಿರೂ ಇದೇ ಹಳ್ಳಕ್ಕೆ ಬೀಳುತ್ತಾರೆ. ಮಗ ದಿನಾ ಕುಡಿದು ಬರುತ್ತಿಲ್ಲ, ಮನೆಯ ದುಡ್ಡು ಕದಿಯುತ್ತಿಲ್ಲ, ಆದ್ದರಿಂದ ಎಲ್ಲ ಕ್ಷೇಮ!

ಕ್ಷೇಮವಿಲ್ಲದ ಮನೆಯಲ್ಲಿ ಏನಾಗುತ್ತದೆಂದು ಹೇಳುತ್ತೇವೆ. ಗೆಳೆಯರೊಂದಿಗೆ ಗೋವಾಕ್ಕೋ ಗೋಕರ್ಣಕ್ಕೋ ಹೋಗಿ ಬಂದ ಹುಡುಗ. ಬಂದು ಎರಡು ತಿಂಗಳಾಗಿದೆ. ಕಾಗದದ ಅಮಲು ಅಂದೇ ಇಳಿದಿತ್ತು. ಈಗ ರಾತ್ರಿ ದೀಪದ ಸುತ್ತ ಪ್ರಭೆ ಕಾಣುತ್ತದೆ. ಆಡಿಸಿದ ಕೈಯ ಹಿಂದೆ ಕೈಯ ನೆರಳುಗಳು ಸಾಲುಗಟ್ಟಿ ಬರುತ್ತವೆ. ಬಿಳಿಯ ಗೋಡೆಯ ಮೇಲೆ, ಹಳೆಯ ಟಿ.ವಿ.ಯಲ್ಲಿ ಚಾನೆಲ್ ಇಲ್ಲದಾಗ ಬರುತ್ತಿದ್ದಂಥ ಚುಕ್ಕೆಗಳು ಸದಾ ಕುಣಿಯುತ್ತವೆ. ಪುಸ್ತಕದ ಸಾಲುಗಳು ಹರಿದಾಡುತ್ತವೆ. 'ಅವ್ವಾ, ಗ್ವಾಡಿ ಉಸಿರಾಡಿದಂಗ ಕಾಣ್ತದ' ಎಂದರೆ ತಾಯಿ ಏನೆಂದಾಳು? 'ನಿದ್ದಿ ಕಮ್ಮಿ ಆಗ್ಯಾದಪ್ಪಾ, ಮೊಬೈಲ್ ಬಿಟ್ಟು ಮಲಕೋ' ಎನ್ನುತ್ತಾಳೆ. ಕಣ್ಣಿನ ಡಾಕ್ಟರಲ್ಲಿ ತೋರಿಸುತ್ತಾರೆ, ಕಣ್ಣು ನೆಟ್ಟಗಿದೆ. ಹೊಸ ಕನ್ನಡಕ ಬರುತ್ತದೆ; ಗೋಡೆ ಉಸಿರಾಡುವುದು ನಿಲ್ಲದು. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ. ಭ್ರಾಮಕ ದ್ರವ್ಯದ ನಂತರ ಉಳಿಯುವ ಗ್ರಹಿಕೆಯ ವಿಕಾರ ಎಂದು ಅದನ್ನು ಕನ್ನಡದಲ್ಲಿ ಹೇಳಬಹುದು, ಡಾಕ್ಟರರು ಎಚ್.ಪಿ.ಪಿ.ಡಿ. ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ ಇದು 1987ರಿಂದ ಸೇರಿದೆ. ಕೆಲವರಿಗೆ ವಾರಗಳಲ್ಲಿ ಹೋಗುತ್ತದೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಎಲ್ಲರಿಗೂ ಬರುವುದಿಲ್ಲ, ಬಲು ಕಡಿಮೆ ಜನಕ್ಕೇ ಬರುತ್ತದೆ. ಬಂದವನಿಗೆ ಮಾತ್ರ ಆ 'ಕಡಿಮೆ' ಎಂಬ ಮಾತಿನಿಂದ ಯಾವ ಸಮಾಧಾನವೂ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ಲೋಕಕ್ಕೂ ತನಗೂ ನಡುವೆ ಗಾಜು ಬಂದು ನಿಂತ ಹಾಗೆ. ತಾಯಿ ತಾಯಿಯೇ ಹೌದು, ಆದರೂ ಯಾರೋ ತಾಯಿಯ ಪಾತ್ರ ಮಾಡುತ್ತಿರುವ ಹಾಗೆ. ತನ್ನ ದನಿ ತನಗೇ ದೂರದಿಂದ ಕೇಳಿಸಿದ ಹಾಗೆ. ಅದರ ಬೆನ್ನಿಗೇ ಕಾರಣವಿಲ್ಲದ ಎದೆಬಡಿತ, 'ನನಗೆ ಹುಚ್ಚು ಹಿಡಿಯುತ್ತಿದೆ' ಎಂಬ ಗಾಬರಿ. ಇವನು ಕೆಲಸಕ್ಕೆ ಹೋಗುತ್ತಾನೆ, ಹೈಟೆಕ್ ಸಿಟಿಯ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾನೆ, ಸಂಬಳ ತರುತ್ತಾನೆ. ಮನೆಯವರಿಗೆ ಕಾಣುವುದು 'ಇತ್ತೀಚೆಗೆ ಮಾತು ಕಡಿಮೆ' ಎಂಬುದಷ್ಟೇ.

ಮೂರನೆಯದು ಎಲ್ಲಕ್ಕಿಂತ ಭಾರವಾದದ್ದು: ಬುದ್ಧಿಯೇ ಕದಡಿಹೋಗುವುದು. ಯಾರೋ ಹಿಂಬಾಲಿಸುತ್ತಿದ್ದಾರೆ, ಗೋಡೆಯೊಳಗೆ ದನಿ ಕೇಳುತ್ತಿದೆ, ಟಿ.ವಿ.ಯವರು ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎಂಬ ಅಚಲ ನಂಬಿಕೆ. ಅಮಲಿನ ವೇಳೆ ಹೀಗಾಗಿ ಮರುದಿನ ಸರಿಹೋದರೆ ಒಂದು ಮಾತು. ಸರಿಹೋಗದೆ ಸ್ಕಿಜೋಫ್ರೀನಿಯಾ ಎಂಬ ದೀರ್ಘ ಕಾಯಿಲೆಯಾಗಿ ನಿಂತರೆ? ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ತೊಂಬತ್ತು ಲಕ್ಷಕ್ಕೂ ಹೆಚ್ಚು ಜನರ ಆರೋಗ್ಯ ದಾಖಲೆಗಳನ್ನು ನೋಡಿದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಭ್ರಾಮಕ ದ್ರವ್ಯದ ಕಾರಣಕ್ಕೆ ತುರ್ತು ಚಿಕಿತ್ಸೆಗೆ ಬಂದವರಲ್ಲಿ ನೂರಕ್ಕೆ ನಾಲ್ವರು ಮೂರು ವರ್ಷದೊಳಗೆ ಈ ಬಗೆಯ ಕಾಯಿಲೆಗೆ ಒಳಗಾದರು. ಉಳಿದ ಜನರಲ್ಲಿ ಆ ಪ್ರಮಾಣ ಸಾವಿರಕ್ಕೆ ಇಬ್ಬರೂ ಇಲ್ಲ. ಇತರ ಕಾಯಿಲೆ, ಇತರ ಚಟಗಳ ಲೆಕ್ಕ ಕಳೆದ ಮೇಲೂ ಅಪಾಯ ಸುಮಾರು ಮೂರೂವರೆ ಪಟ್ಟು ಉಳಿಯಿತು. ಆಸ್ಪತ್ರೆಯ ಬಾಗಿಲು ಬಡಿಯುವಷ್ಟು ಕೆಟ್ಟ ಪರಿಣಾಮವಾದವರ ಲೆಕ್ಕ ಇದು. ಸೇವಿಸಿದ ಎಲ್ಲರದೂ ಅಲ್ಲ. ದ್ರವ್ಯವೇ ಕಾಯಿಲೆ ತಂದಿತೋ, ಬರಲಿದ್ದ ಕಾಯಿಲೆಗೆ ಬಾಗಿಲು ತೆರೆಯಿತೋ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದೇ ಇದೆ. ಮನೆಯವರಿಗೆ ಆ ಚರ್ಚೆಯಿಂದ ಆಗಬೇಕಾದದ್ದು ಏನೆಂಬುದನ್ನು ಮುಂದೆ ಹೇಳುತ್ತೇವೆ, ಏಕೆಂದರೆ ನಮ್ಮ ಮುಖ್ಯ ಜಗಳ ಅಲ್ಲೇ ಇದೆ.

ಅದಕ್ಕೆ ಮೊದಲು ಹುಡುಗರ ಎರಡನೆಯ ವಾದವನ್ನೂ ಕೇಳಿಬಿಡೋಣ; ಅದು ಮೊದಲನೆಯದಕ್ಕಿಂತ ಗಟ್ಟಿ. 'ಅಮೆರಿಕದಲ್ಲಿ ಇದನ್ನೇ ಔಷಧಿಯಾಗಿ ಕೊಡುತ್ತಿದ್ದಾರೆ. ಜನ ಒಳ್ಳೆಯವರಾಗುತ್ತಿದ್ದಾರೆ.' ಇದರಲ್ಲೂ ಹುರುಳಿದೆ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ರೋಲೆಂಡ್ ಗ್ರಿಫಿತ್ಸ್ ಎಂಬ ವಿಜ್ಞಾನಿ 2006ರಲ್ಲಿ 36 ಜನರ ಮೇಲೆ ಮಾಡಿದ ಸಿಲೊಸೈಬಿನ್ ಪ್ರಯೋಗ ಹೆಸರಾಯಿತು. ಮೂರರಲ್ಲಿ ಇಬ್ಬರು ಅದನ್ನು ತಮ್ಮ ಬಾಳಿನ ಅತಿ ಅರ್ಥಪೂರ್ಣ ಅನುಭವಗಳ ಸಾಲಿಗೆ ಸೇರಿಸಿದರು. ಅಲ್ಲಿಯದೇ 2011ರ ವರದಿಯ ಪ್ರಕಾರ, ಹೊಸದಕ್ಕೆ ಮನಸ್ಸು ತೆರೆದುಕೊಳ್ಳುವ ಗುಣ ಕೆಲವರಲ್ಲಿ ವರ್ಷ ಕಳೆದ ಮೇಲೂ ಹೆಚ್ಚಾಗಿಯೇ ಇತ್ತು. ಆಸ್ಟ್ರೇಲಿಯಾದಲ್ಲಿ 2023ರ ಜುಲೈಯಿಂದ ಅಧಿಕಾರ ಪಡೆದ ಮನೋವೈದ್ಯರು ಹಟಮಾರಿ ಖಿನ್ನತೆಗೆ ಸಿಲೊಸೈಬಿನ್ ಬರೆದುಕೊಡಬಹುದು. 2013ರಲ್ಲಿ ನಾರ್ವೆಯ ಇಬ್ಬರು ಸಂಶೋಧಕರು ಅಮೆರಿಕದ ಒಂದು ಲಕ್ಷ ಮೂವತ್ತು ಸಾವಿರ ಜನರ ಸಮೀಕ್ಷೆಯನ್ನು ಜಾಲಾಡಿ, ಈ ದ್ರವ್ಯ ಸೇವಿಸಿದವರಲ್ಲಿ ಮಾನಸಿಕ ಕಾಯಿಲೆ ಹೆಚ್ಚೇನೂ ಇಲ್ಲವೆಂದೂ ಬರೆದರು. ಆ ಸಮೀಕ್ಷೆ ಮನೆಗಳಲ್ಲಿ ಇರುವವರದು. ಆಸ್ಪತ್ರೆಯಲ್ಲಿ ಸೇರಿಹೋದವರನ್ನು ಅದು ಎಣಿಸುವುದಿಲ್ಲ. ಅದಿರಲಿ. ಜಾನ್ಸ್ ಹಾಪ್ಕಿನ್ಸ್‌ನವರೇ 2016ರಲ್ಲಿ, ಅಣಬೆ ತಿಂದು ಕೆಟ್ಟ ಅನುಭವ ಪಟ್ಟ ಸುಮಾರು ಎರಡು ಸಾವಿರ ಜನರನ್ನು ಕೇಳಿದಾಗ, 84 ಶೇಕಡಾ ಜನ ಅದರಿಂದಲೂ ಲಾಭವಾಯಿತೆಂದರು. ಅನುಭವವಾಗಿ ವರ್ಷ ಕಳೆದಿದ್ದವರಲ್ಲಿ 7.6 ಶೇಕಡಾ ಜನ ಉಳಿದುಹೋದ ಮಾನಸಿಕ ತೊಂದರೆಗಳಿಗಾಗಿ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಎರಡೂ ಅಂಕಿಗಳನ್ನು ನಾವು ಕೊಡುತ್ತಿದ್ದೇವೆ. ಹುಡುಗರು ಮೊದಲನೆಯದನ್ನು ಮಾತ್ರ ಹೇಳುತ್ತಾರೆ, ಹಿರಿಯರು ಎರಡನೆಯದನ್ನು ಮಾತ್ರ.

ನಮಗೆ ಇದರಲ್ಲಿ ಕಾಣುವುದು ಇಷ್ಟು. ಹೊಗಳುವವರೂ ಬಯ್ಯುವವರೂ ಒಂದು ಮಾತಿನಲ್ಲಿ ಒಪ್ಪುತ್ತಾರೆ: ಎಂಟು ಹತ್ತು ಗಂಟೆಯ ಈ ವಸ್ತು ಮನುಷ್ಯನನ್ನು ವರ್ಷಗಟ್ಟಲೆ ಬದಲಿಸಬಲ್ಲದು. ಹಾಗಿದ್ದ ಮೇಲೆ ಅದನ್ನು ಗಚ್ಚಿಬೌಲಿಯ ಪಿ.ಜಿ. ಕೋಣೆಯಲ್ಲಿ, ಶುಕ್ರವಾರ ರಾತ್ರಿ, ಕೊರಿಯರಿನಲ್ಲಿ ಬಂದ ಲಕೋಟೆಯಿಂದ, ಮೇಲಿಷ್ಟು ಬಿಯರ್ ಮತ್ತು ಗಾಂಜಾದೊಂದಿಗೆ ಮಾಡಿಕೊಳ್ಳುವುದು ಯಾವ ಜಾಣತನ? ಲಕೋಟೆಯಲ್ಲಿರುವುದು ಎಲ್.ಎಸ್.ಡಿ.ಯೇ ಎಂಬ ಖಾತರಿಯೂ ಇಲ್ಲ. ಅದೇ ಹೆಸರಿನಲ್ಲಿ ಎನ್-ಬೋಮ್ ಎಂಬ, ಜೀವವನ್ನೇ ತೆಗೆಯಬಲ್ಲ ಬೇರೆ ರಾಸಾಯನಿಕವನ್ನು ಮಾರಿದ್ದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಬಾಲ್ಟಿಮೋರಿನಲ್ಲಿ ಅಳೆದ ಮಾತ್ರೆ. ವಾರಗಳ ಮೊದಲೇ ಮಾತುಕತೆ. ಇಡೀ ದಿನ ಪಕ್ಕದಲ್ಲೇ ಕೂರುವ ಇಬ್ಬರು. ಆಮೇಲೆ ಮತ್ತೆ ಮಾತುಕತೆ. ಅಮೆರಿಕದ ಪ್ರಯೋಗದ ಫಲವನ್ನು ಹೇಳಿ ಅದರ ಕಟ್ಟಳೆಯನ್ನು ನುಂಗಿಹಾಕುವುದು ವಾದವಲ್ಲ, ವ್ಯಾಪಾರ.

ಇನ್ನು ಕೆಲವರು ವೇದದ ಸೋಮರಸವನ್ನು ಎಳೆದು ತರುತ್ತಾರೆ. ಸೋಮ ಎಂದರೆ ಒಂದು ಬಗೆಯ ಅಣಬೆ ಎಂದು ಗಾರ್ಡನ್ ವಾಸನ್ ಎಂಬ ಅಮೆರಿಕದ ಹವ್ಯಾಸಿ ಪಂಡಿತ 1968ರಲ್ಲಿ ಬರೆದ. ಅದನ್ನು ಒಪ್ಪದ ಪಂಡಿತರೇ ಹೆಚ್ಚು. ಯಾದಗಿರಿ ಕಡೆಯವರು ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದ ಕೊಡುವುದನ್ನು ಹೇಳುತ್ತಾರೆ. ಕೊಡುವುದುಂಟು, 2020ರಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಅದು ಬಂದಿತ್ತು. ಗಾಂಜಾ ಬೇರೆ, ಎಲ್.ಎಸ್.ಡಿ. ಬೇರೆ ಎಂಬುದನ್ನು ಬಿಟ್ಟರೂ, ಅಲ್ಲಿ ದಿನ ಗೊತ್ತು, ಜಾಗ ಗೊತ್ತು, ಸುತ್ತ ಊರಿನ ಹಿರಿಯರಿದ್ದಾರೆ, ಮರುದಿನ ಹೊಲದ ಕೆಲಸ ಕಾದಿದೆ. ಆನೆಗೊಂದಿಯ ಬಳಿಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳಲ್ಲಿ ಅಂಥದ್ದೇನೂ ಇರಲಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ಅವು ನೆಲಸಮವಾದವು. ಹಂಪಿಯ ಬಂಡೆಗಳನ್ನು ನೋಡಿ ಬೆರಗಾಗುವುದಕ್ಕೆ ನಾಲಿಗೆಯ ಮೇಲೆ ಕಾಗದ ಇಟ್ಟುಕೊಳ್ಳಬೇಕಾಗಿ ಬಂದ ಪೀಳಿಗೆಯ ಬಗ್ಗೆ ನಮಗೆ ಕೋಪಕ್ಕಿಂತ ಕನಿಕರವೇ ಹೆಚ್ಚು.

ಈಗ ನಮ್ಮ ಮುಖ್ಯ ಜಗಳ. ಅದು ಹುಡುಗರ ಮೇಲಲ್ಲ.

ಬಾಲ್ಟಿಮೋರಿನ ಪ್ರಯೋಗಾಲಯದಲ್ಲಿ ಯಾರನ್ನೂ ಒಳಗೆ ಬಿಡುವ ಮೊದಲು ಕೇಳುವ ಒಂದು ಪ್ರಶ್ನೆ ಇದೆ: ನಿಮ್ಮ ವಂಶದಲ್ಲಿ ಯಾರಿಗಾದರೂ ಸ್ಕಿಜೋಫ್ರೀನಿಯಾ ಅಥವಾ ಅತಿ ಉನ್ಮಾದ-ಅತಿ ಖಿನ್ನತೆಗಳ ಕಾಯಿಲೆ ಇತ್ತೇ? ತಂದೆ ತಾಯಿ ಒಡಹುಟ್ಟಿದವರದು ಮಾತ್ರವಲ್ಲ. ಅಜ್ಜ, ಅಜ್ಜಿ, ಕಾಕಾ, ಸೋದರಮಾವ, ಸೋದರತ್ತೆ, ಇವರದೂ. ಹೌದೆಂದರೆ ಬಾಗಿಲು ಮುಚ್ಚಿತು. ಈ ಪ್ರಶ್ನೆ ಏಕೆ? ಸ್ಕಿಜೋಫ್ರೀನಿಯಾ ಸಾಮಾನ್ಯ ಜನರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಬರುತ್ತದೆ; ತಂದೆಗೋ ತಾಯಿಗೋ ಇದ್ದರೆ ಮಕ್ಕಳಲ್ಲಿ ನೂರಕ್ಕೆ ಸುಮಾರು ಹತ್ತು ಜನಕ್ಕೆ. ಬರುವ ವಯಸ್ಸೂ ಹದಿನೆಂಟರಿಂದ ಮೂವತ್ತರ ಒಳಗೇ ಹೆಚ್ಚು. ಅಂದರೆ ಹಾಸ್ಟೆಲಿನ ವಯಸ್ಸು, ಮೊದಲ ನೌಕರಿಯ ವಯಸ್ಸು, ಗೋವಾ ಪ್ರವಾಸದ ವಯಸ್ಸು.

ನಮ್ಮ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಯಾರ ಬಳಿ ಇದೆ? ಊರಿನ ಮನೆಯ ಹಿಂದಿನ ಕೋಣೆಯಲ್ಲಿ ಕೂತಿರುತ್ತಿದ್ದ ಕಾಕಾ. ತಾನೇ ತಾನಾಗಿ ಮಾತಾಡಿಕೊಳ್ಳುತ್ತಿದ್ದವರು. ಒಂದು ದಿನ ಎದ್ದು ಹೋದವರು ಮರಳಲಿಲ್ಲ. 'ಅವರು ಸಾಧು ಆದರು' ಎಂದು ಮಕ್ಕಳಿಗೆ ಹೇಳಿದೆವು ಎನ್ನುವ ಮನೆಗಳುಂಟು. ಹೆರಿಗೆಯ ನಂತರ ಗಂಡನ ಮನೆಯಿಂದ ವಾಪಸು ಕಳಿಸಿದ ಸೋದರತ್ತೆ. 'ಅವಳಿಗೆ ಗಾಳಿ ಸೋಂಕಿತ್ತು' ಎಂದು ದರ್ಗಾಕ್ಕೂ ಜಾತ್ರೆಗೂ ಅಲೆದಾಡಿಸಿದ ಕಥೆ. ಊರಿನಲ್ಲಿದ್ದಾಗ ಕಡೇಪಕ್ಷ ಊರಿಗೆಲ್ಲ ಗೊತ್ತಿರುತ್ತಿತ್ತು; ಮಗು ಕಣ್ಣಾರೆ ನೋಡುತ್ತಿತ್ತು. ಹೈದರಾಬಾದಿಗೆ ಬಂದ ನಮ್ಮ ಜನ ಊರನ್ನು ಬಿಟ್ಟ ಹಾಗೆ ಆ ಕಾಕಾನನ್ನೂ ಬಿಟ್ಟು ಬಂದರು. ಇಲ್ಲಿ ಹುಟ್ಟಿದ ಮಕ್ಕಳಿಗೆ ರಾಯಚೂರು ಎಂದರೆ ಬೇಸಿಗೆ ರಜೆಯ ನಾಲ್ಕು ದಿನ. ವಂಶವೃಕ್ಷದಲ್ಲಿ ಒಂದು ಕೊಂಬೆಯನ್ನೇ ಕತ್ತರಿಸಿದ್ದಾರೆಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದರೆ, ಗೆಳೆಯ ಕೈಗೆ ಕಾಗದ ಕೊಟ್ಟಾಗ ಒಂದು ಕ್ಷಣ ತಡೆದು ಯೋಚಿಸುತ್ತಿದ್ದನೇನೋ. 'ನಮ್ಮ ಮನೆಯಲ್ಲಿ ಈ ಕಾಯಿಲೆ ಇದೆ, ನನಗೆ ಬೇಡ' ಎನ್ನುವುದಕ್ಕೆ ಒಂದು ಕಾರಣವಾದರೂ ಇರುತ್ತಿತ್ತು. ಪೋಲೀಸರ ಭಯಕ್ಕಿಂತ, ನೀತಿಬೋಧೆಗಿಂತ ಗಟ್ಟಿಯಾದ ಕಾರಣ ಅದು. ಅದನ್ನು ಅವನಿಂದ ಕಸಿದುಕೊಂಡವರು ಮಾಲು ಮಾರುವವರಲ್ಲ.

ಏಕೆ ಮುಚ್ಚಿಟ್ಟರು? ಮದುವೆಗಾಗಿ. ಇದೇ ಪತ್ರಿಕೆಯ ಕೊನೆಯ ಪುಟಗಳ ವಧೂವರ ಅಂಕಣವನ್ನು ತೆರೆದು ನೋಡಿ. ನಕ್ಷತ್ರ, ಗೋತ್ರ, ಬೆಡಗು, ಎತ್ತರ, ಸಂಬಳ, ಸ್ವಂತ ಫ್ಲಾಟು ಎಲ್ಲ ಇದೆ. ವಂಶದ ಆರೋಗ್ಯ ಒಂದು ಅಕ್ಷರವಿಲ್ಲ. ಮುಚ್ಚಿಟ್ಟು ಮಾಡಿದ ಮದುವೆಯ ಮಕ್ಕಳೇ ಈಗ ಇಪ್ಪತ್ತರ ಹರೆಯದಲ್ಲಿದ್ದಾರೆ. ಇನ್ನೂ ಮುಂದೆ ಹೋಗಿ, ಮಗನಿಗೆ ಗೋಡೆ ಅಲ್ಲಾಡುವುದು ಶುರುವಾದ ಮೇಲೂ 'ಮದುವೆ ಮಾಡಿದರೆ ಸರಿಹೋಗುತ್ತಾನೆ' ಎಂದು ಹೆಣ್ಣು ನೋಡುವವರಿದ್ದಾರೆ. ಬರುವ ಹುಡುಗಿ ಯಾವ ತಪ್ಪು ಮಾಡಿದ್ದಳು? ಯಾರದೋ ಮಗಳನ್ನು ಮಾತ್ರೆಯ ಹಾಗೆ ಬಳಸುವ ಈ ಪದ್ಧತಿಗೆ ನಮ್ಮ ಭಾಷೆಯಲ್ಲಿ ಸಭ್ಯವಾದ ಹೆಸರಿಲ್ಲ.

ಮುಚ್ಚಿಡುವುದು ವೈದ್ಯರ ಎದುರಿಗೂ ನಿಲ್ಲುವುದಿಲ್ಲ. ತಡವಾಗಿಯಾದರೂ ಮನೋವೈದ್ಯರಲ್ಲಿಗೆ ಹೋದರು ಎನ್ನಿ. ತಂದೆ ಮುಂದಾಗಿ 'ಆಫೀಸಿನ ಟೆನ್ಷನ್ ಡಾಕ್ಟರೇ' ಎನ್ನುತ್ತಾನೆ. ಮಗ ತಲೆ ತಗ್ಗಿಸುತ್ತಾನೆ. ಕಾಗದದ ಮಾತು ಬರುವುದೇ ಇಲ್ಲ. ಇದರ ಬೆಲೆ ಏನೆಂದು ಕೇಳಿ. ಕಾಣದ್ದನ್ನು ಕಾಣುತ್ತಾನೆಂದು ಕೇಳಿದ ವೈದ್ಯರು ಮತಿವಿಕಲತೆಗೆ ಕೊಡುವ ಔಷಧಿ ಬರೆಯುವುದು ಸಹಜ. ಆದರೆ ಆ ಗ್ರಹಿಕೆಯ ವಿಕಾರವೇ ಇದ್ದವರಲ್ಲಿ ರಿಸ್ಪೆರಿಡೋನ್‌ನಂಥ ಔಷಧಿಯಿಂದ ಕೆಲವರಿಗೆ ತೊಂದರೆ ಹೆಚ್ಚಿದ ಉದಾಹರಣೆಗಳು ವೈದ್ಯಪತ್ರಿಕೆಗಳಲ್ಲಿ ದಾಖಲಾಗಿವೆ. ಅಲ್ಲಿ ಬೇರೆ ದಾರಿಯ ಚಿಕಿತ್ಸೆ ಬೇಕು. ನಿಜವಾದ ಮತಿವಿಕಲತೆಯಾದರೆ ಅದೇ ಔಷಧಿ ಅವನನ್ನು ಉಳಿಸುತ್ತದೆ, ಬೇಗ ಶುರುವಾದಷ್ಟೂ ಒಳ್ಳೆಯದು. ಈ ಎರಡನ್ನು ಬೇರ್ಪಡಿಸಬೇಕಾದರೆ ವೈದ್ಯರಿಗೆ ನಿಜ ಬೇಕು. ಇದನ್ನು ಓದಿ ಯಾರೂ ಈಗ ತೆಗೆದುಕೊಳ್ಳುತ್ತಿರುವ ಔಷಧಿಯನ್ನು ತಾವಾಗಿ ನಿಲ್ಲಿಸಬಾರದು. ಹೋಗಿ ನಿಜ ಹೇಳಬೇಕು, ಅಷ್ಟೇ.

'ನಿಜ ಹೇಳಿದರೆ ಪೋಲೀಸರು ಬರುತ್ತಾರೆ' ಎಂಬ ಭಯವನ್ನು ನಾವು ಬಲ್ಲೆವು. 1985ರ ಮಾದಕ ವಸ್ತುಗಳ ಕಾಯಿದೆ ಕಠಿಣವಾದದ್ದೇ. ಗ್ರಾಮಿನ ಹತ್ತನೆಯ ಒಂದು ಪಾಲು ಎಲ್.ಎಸ್.ಡಿ. ಸಿಕ್ಕಿದರೂ ಅದು ವಾಣಿಜ್ಯ ಪ್ರಮಾಣ. ಕನಿಷ್ಠ ಹತ್ತು ವರ್ಷ ಸಜೆ. ಆದರೆ ಅದೇ ಕಾಯಿದೆಯ 64-ಎ ಕಲಮನ್ನು ಓದಿದವರೆಷ್ಟು ಜನ? ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾದರೆ ಅವನಿಗೆ ಮೊಕದ್ದಮೆಯಿಂದ ವಿನಾಯಿತಿಗೆ ಅದರಲ್ಲಿ ಅವಕಾಶವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 23ನೇ ಕಲಮಿನಂತೆ ರೋಗಿ ಹೇಳಿದ್ದನ್ನು, ಕೆಲವು ಅಪವಾದಗಳನ್ನು ಬಿಟ್ಟರೆ, ವೈದ್ಯರು ಗುಟ್ಟಾಗಿಡಲೇಬೇಕು. ನಮ್ಮ ಮನೆಗಳಿಗೆ ನಿಜವಾದ ಭಯ ಪೋಲೀಸರದಲ್ಲ. ಅದೇ ಮಹಡಿಯ ಎದುರು ಫ್ಲಾಟಿನವರದು.

ಭಾಷೆಯ ತೊಡಕು ಬೇರೆ. ಮಗನಿಗೆ ಇದನ್ನೆಲ್ಲ ಹೇಳಲು ಇಂಗ್ಲಿಷ್ ಬರುತ್ತದೆ. ತಾಯಿಗೆ ಅದು ತಿಳಿಯದು. ವೈದ್ಯರು ತೆಲುಗಿನಲ್ಲೋ ಹಿಂದಿಯಲ್ಲೋ ಕೇಳುತ್ತಾರೆ. ತಾಯಿ ತರಕಾರಿ ಕೊಳ್ಳುವಷ್ಟು ತೆಲುಗಿನಲ್ಲಿ ಮಗನ ಚಿತ್ತದ ಕಥೆ ಹೇಳಬೇಕು. ಮೂವತ್ತು ವರ್ಷ ಇಲ್ಲಿದ್ದವರಿಗೂ ಆ ಘಳಿಗೆಯಲ್ಲಿ ಮಾತು ಕೈಕೊಡುತ್ತದೆ. ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ದೂರವಾಣಿಯ ಸಂಖ್ಯೆ 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಹಿಂದಿರುವ ಮುಖ್ಯ ಸಂಸ್ಥೆ. ಹಗಲು ರಾತ್ರಿ ಉಚಿತ. ಕನ್ನಡವನ್ನು ಆರಿಸಿಕೊಂಡು ಮಾತಾಡಬಹುದು. ವ್ಯಸನದ ವಿಷಯಕ್ಕೇ ಮೀಸಲಾದ ರಾಷ್ಟ್ರೀಯ ಸಂಖ್ಯೆ 14446. ಈ ಊರಿನಲ್ಲಿ ಎರ್ರಗಡ್ಡದ ಸರಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಆ ಹೆಸರನ್ನು ಬೈಗುಳವಾಗಿ ಬಳಸುವ ಅಭ್ಯಾಸವನ್ನು ನಮ್ಮವರೂ ತೆಲುಗರಿಂದ ಚೆನ್ನಾಗಿ ಕಲಿತಿದ್ದಾರೆ. ಬೇರೇನನ್ನೂ ಅಷ್ಟು ಬೇಗ ಕಲಿಯಲಿಲ್ಲ.

ಸಂಘಕ್ಕೆ ನಮ್ಮ ಬೇಡಿಕೆ ಇದು. ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಹಾಸ್ಯಭಾಷಣಕಾರರನ್ನು ಕರೆಸಲು ನಮಗೆ ಹಣವಿದೆ. ಅದರಲ್ಲೇ ಒಂದಿಷ್ಟು ಉಳಿಸಿ ವರ್ಷಕ್ಕೆ ಎರಡು ಸಲ ಕನ್ನಡ ಬಲ್ಲ ಮನೋವೈದ್ಯರೊಬ್ಬರನ್ನು ಕರೆಸಿರಿ. ವೇದಿಕೆ ಬೇಡ, ಹಾರ ಬೇಡ, ಫೋಟೋ ಬೇಡ. ಹಿಂದಿನ ಬಾಗಿಲಿನಿಂದ ಬಂದು ಹೋಗುವಂತೆ ಒಂದು ಕೋಣೆ, ಒಂದು ಮಧ್ಯಾಹ್ನ ಸಾಕು. ಯಾರು ಬಂದರೆಂದು ಬರೆದಿಡುವ ಪುಸ್ತಕವೂ ಬೇಡ. ಇದಕ್ಕೆ ಕಾರ್ಯಕಾರಿ ಸಮಿತಿಯಲ್ಲಿ ವಿರೋಧ ಬರುವುದಾದರೆ, ವಿರೋಧಿಸುವವರು ತಮ್ಮ ಕಾರಣವನ್ನು ಇದೇ ಪತ್ರಿಕೆಯಲ್ಲಿ ಹೆಸರು ಹಾಕಿ ಬರೆಯಲಿ.

ಮನೆಯವರಿಗೆ ಒಂದು ಕೆಲಸ ಹೇಳುತ್ತೇವೆ. ವೈದ್ಯರಲ್ಲಿಗೆ ಹೋಗುವ ಹಿಂದಿನ ರಾತ್ರಿ ಒಂದು ಹಾಳೆ ತೆಗೆದುಕೊಳ್ಳಿ. ಮಗನನ್ನೋ ಮಗಳನ್ನೋ ಒಬ್ಬರನ್ನೇ ಕೂರಿಸಿಕೊಂಡು, ಬಯ್ಯದೆ, ಕೇಳಿ ಬರೆಯಿರಿ: ಏನು ಸೇವಿಸಿದ್ದು, ಯಾವಾಗ, ಎಷ್ಟು ಸಲ, ಜೊತೆಗೆ ಗಾಂಜಾವೋ ಮದ್ಯವೋ ಇತ್ತೇ, ಮೊದಲು ಏನು ಬದಲಾಯಿತು, ಈಗ ಏನು ಉಳಿದಿದೆ. ಅದೇ ಹಾಳೆಯ ಹಿಂಬದಿಯಲ್ಲಿ ತಂದೆಯ ಕಡೆಯವರು, ತಾಯಿಯ ಕಡೆಯವರು ಎಂದು ಎರಡು ಗೆರೆ ಎಳೆದು, ಆ ಹಿಂದಿನ ಕೋಣೆಯ ಕಾಕಾನ ಹೆಸರನ್ನೂ ಬರೆಯಿರಿ. ಅವರಿಗೆ ಏನಾಗಿತ್ತು, ಎಷ್ಟನೆಯ ವಯಸ್ಸಿನಲ್ಲಿ ಆಯಿತು ಎಂಬುದು ನಿಮಗೆ ನೆನಪಿಲ್ಲದಿದ್ದರೆ ಊರಿಗೆ ಫೋನ್ ಮಾಡಿ ಕೇಳಿ. ಹೇಳಬಲ್ಲ ಅಜ್ಜಿಯೊಬ್ಬರು ಇನ್ನೂ ಇರಬಹುದು. ಬರೆದಾದ ಮೇಲೆ ಆ ಹಾಳೆಯನ್ನು ಮೊದಲು ನಿಮ್ಮ ಮಗನಿಗೇ ಓದಲು ಕೊಡಿ.